ಕಂಬಳಿಯ ಮೂಲೆಯ ಮುಡಿಪು

ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ಬೆಳಗಿನ ಬಸ್ಸು ಸಿಕ್ಕಿತು. ಕಿಟಕಿಯ ಪಕ್ಕದ ಜಾಗವೂ ಸಿಕ್ಕಿತು. ಶಿವನ ದಯೆ ಎಂದುಕೊಂಡೆ. ಮಾರ್ಗಶಿರದ ಚಳಿ, ಹುಚ್ಚರಾಯನ ಕೆರೆಯ ಮೇಲೆ ಇನ್ನೂ ಮಂಜು ಕೂತಿತ್ತು. ಜೊತೆಗೆ ನಮ್ಮ ಯಜಮಾನರ ಅಕ್ಕ, ನನ್ನ ಅತ್ತಿಗೆ ಗಿರಿಜಮ್ಮ ಇದ್ದರು. ಯಜಮಾನರಿಗೆ ಕಣದಲ್ಲಿ ಭತ್ತದ ಒಕ್ಕಣೆ ಬಿಟ್ಟು ಬರುವಂತಿರಲಿಲ್ಲ.

ಇಬ್ಬರಿಗೂ ಸೇರಿ ಎರಡು ರೂಪಾಯಿಯ ಮೇಲೆ ಚಿಲ್ಲರೆ ಟಿಕೇಟು. ಹೊಸ ಪೈಸೆ ಬಂದು ಬಹಳ ದಿನವಾಗಿರಲಿಲ್ಲ. ಕಂಡಕ್ಟರು ಪೈಸೆಯಲ್ಲಿ ಹೇಳಿದರೆ ಅತ್ತಿಗೆ ಆಣೆಯಲ್ಲಿ ಕೇಳುತ್ತಿದ್ದರು.

"ಆಣೆ ಸತ್ತು ತಿಥಿನೂ ಆತು ಅಮ್ಮಾ," ಎಂದ ಅವನು.

"ಸತ್ರೆ ಸಾಯ್ಲಿ. ಅದರ ಆಸ್ತಿ ಎಲ್ಲಾ ನಿನ್ ಚೀಲಕ್ಕೆ ಬಿತ್ತೇನು?" ಎಂದರು ಅತ್ತಿಗೆ. ಬಸ್ಸಿನವರೆಲ್ಲ ನಕ್ಕರು. ಗಂಟುಮೂಟೆಗೆ ಅವನು ದುಡ್ಡು ಕೇಳಲಿಲ್ಲ. ಅದನ್ನೂ ದಯೆಯ ಲೆಕ್ಕಕ್ಕೆ ಸೇರಿಸಿದೆ.

ಸೊರಬದಲ್ಲಿ ಮಗಳು ಪಾರ್ವತಿಗೆ ಗಂಡನ ಮನೆಯಲ್ಲೇ ಎರಡನೆಯ ಹೆರಿಗೆಯಾಗಿತ್ತು. ಗಂಡು. ಮರುದಿನ ಬೆಳಿಗ್ಗೆ ಹೆಸರಿಡುವ ಶಾಸ್ತ್ರ. ತವರಿನಿಂದ ಕೂಸಿಗೆ ಬೆಳ್ಳಿಯ ಉಡಿದಾರ ಹೋಗಬೇಕಿತ್ತು. ನಮ್ಮಿಂದ ಆಗಿರಲಿಲ್ಲ. ಬೀಗಿತ್ತಿ ಬಾಯಿ ಬಿಟ್ಟರೆ ಏಟು ಬೀಳುವುದು ಪಾರ್ವತಿಗೆ ಎಂಬುದು ನನಗೆ ಗೊತ್ತಿತ್ತು. ಬರಿಗೈಯಲ್ಲಿ ಹೋಗಬಾರದೆಂದು ಹಿಂದಿನ ದಿನದ ಸಂತೆಯಲ್ಲಿ ಒಂದು ಕಂಬಳಿ ಕೊಂಡಿದ್ದೆ. ಹೊಸ ಕಂಬಳಿ ಕೂಸಿಗೆ ಚುಚ್ಚುತ್ತದೆ. ಇದು ಹಳೆಯದು, ಮೆತ್ತಗಿತ್ತು. ಕುರಿಯವರ ಮುದುಕಿಯೊಬ್ಬಳು ಮಾರಿದ್ದಳು. "ನಮ್ ಯಜಮಾನಂದು. ಶಿವನ ಪಾದ ಸೇರಿದ. ನಾಳಿ ಸಂಜಿತನ ಅಂಜನಾಪುರದ ಡ್ಯಾಮಿನ ಕೆಳಗೆ ಇರ್ತೀವಿ, ಆಮ್ಯಾಗೆ ದೇವ್ರು ತೋರ್ಸಿದ ಕಡಿಗೆ. ಹೊರೋ ಭಾರ ಯಾಕೆ ಅಂತ ಕೊಡಾಕತ್ತೀನಿ," ಎಂದಿದ್ದಳು.

ಬಸ್ಸು ಊರು ದಾಟಿದ ಮೇಲೆ ಚಳಿಗೆ ಅದನ್ನೇ ಕಾಲ ಮೇಲೆ ಹೊದ್ದುಕೊಂಡೆ. ಮೂಲೆಯಲ್ಲಿ ಏನೋ ಗಟ್ಟಿಯಾಗಿ ಕೈಗೆ ತಗುಲಿತು. ಅಂಚನ್ನು ಮಡಿಸಿ ಹೊಲಿದಿದ್ದರು. ಹಲ್ಲಿನಲ್ಲಿ ದಾರ ಕಚ್ಚಿ ಎಳೆದೆ. ಅರಿಶಿನದ ಬಟ್ಟೆಯ ಪುಟ್ಟ ಗಂಟು ಹೊರಬಂತು. ಬಟ್ಟೆ ಸವೆದ ಕಡೆ ಹತ್ತರ ನೋಟುಗಳ ಅಂಚು ಕಾಣುತ್ತಿತ್ತು. ಒಂದಲ್ಲ, ಸುರುಳಿ ಸುತ್ತಿದ ನೋಟುಗಳು.

ಅತ್ತಿಗೆ ತಟ್ಟನೆ ಸೆರಗು ಮುಚ್ಚಿದರು. "ಬಾಯಿ ಮುಚ್ಕಂಡು ಕೂತ್ಕ. ಉಡಿದಾರ ಬಂತು ನೋಡು."

"ಯಾರದೋ ಏನೋ ಅತ್ತಿಗೇ."

"ಯಾರ್ದು ಅಂದ್ರೆ? ದುಡ್ಡು ಕೊಟ್ಟು ತಗಂಡೀಯ. ಕಂಬ್ಳಿ ನಿಂದು, ಕಂಬ್ಳಿಯಾಗಿನ ಹೇನು ನಿಂದು, ದುಡ್ಡು ಮಾತ್ರ ಅವಳ್ದಾ?"

"ಅರಿಶಿನದ ಬಟ್ಟೆ. ದೇವರ ಮುಡಿಪಿದ್ದರೆ?"

"ಹಂಗಾದ್ರೆ ತೊಗರ್ಸಿ ಮಲ್ಲಿಕಾರ್ಜುನಂಗೆ ಎರಡು ರೂಪಾಯಿ ಹಾಕಿದ್ರಾತು. ಅವನೇನು ಪೂರ್ತಿ ಕೊಡು ಅಂತ ಬಸ್ಸಿಗೆ ಅಡ್ಡ ನಿಂತಾನೇನು?"

ಸುಳ್ಳೇಕೆ ಹೇಳಲಿ, ಆ ಮಾತು ಕಿವಿಗೆ ಹಿತವಾಗಿಯೇ ಇತ್ತು. ಸೀಟು ಸಿಕ್ಕಿದ್ದಕ್ಕೆ ಶಿವನನ್ನು ನೆನೆದವಳು ಇದಕ್ಕೂ ನೆನೆಯಬೇಕಲ್ಲ. ನೆನೆಯಲು ಹೋದೆ, ನಾಲಿಗೆ ಏಳಲಿಲ್ಲ. ಗಂಟನ್ನು ಮುಷ್ಟಿಯಲ್ಲಿ ಹಿಡಿದು ಕೂತೆ.

ಶಿರಾಳಕೊಪ್ಪದಲ್ಲಿ ಬಸ್ಸು ಚಹಾಕ್ಕೆ ನಿಂತಿತು. ಎದುರಿಗೇ ಬೆಳ್ಳಿಯ ಅಂಗಡಿ. ಅತ್ತಿಗೆ ನನ್ನನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಹೋದರು. ಅಂಗಡಿಯವನು ಉಡಿದಾರ ತೆಗೆದು ತಕ್ಕಡಿಗೆ ಹಾಕಿದ. ಚಿಕ್ಕ ಗೆಜ್ಜೆಗಳಿದ್ದವು. ಕೂಸಿನ ಸೊಂಟದಲ್ಲಿ ಅದು ಹೇಗೆ ಕಂಡೀತೆಂದು ಕಣ್ಣಿಗೆ ಕಟ್ಟಿತು. ದುಡ್ಡು ಕೊಡಲು ಗಂಟು ಬಿಚ್ಚಿದೆ. ನೋಟಿನ ಜೊತೆಗೆ ಒಂದು ಚಿಟಿಕೆ ಭಂಡಾರ, ದೇವರ ಅರಿಶಿನ, ತಕ್ಕಡಿಯ ಮೇಲೆ ಉದುರಿತು. ಹಸಿರು ಬಳೆಯ ಚೂರೊಂದು ಟಣ್ಣೆಂದು ಬಿತ್ತು.

"ಏನ್ರೀ ಇದು ಕಸ," ಎಂದು ಅವನು ತಕ್ಕಡಿಯನ್ನು ಬಾಯಿಗೆ ಹಿಡಿದು ಉಫ್ ಎಂದು ಊದಿದ. "ಬೇಗ ಹೇಳ್ರಿ, ಕಟ್ಲಾ?"

ಯಾರೋ ಹಣೆಗೆ ಒತ್ತಿಕೊಂಡ ಭಂಡಾರ ಬೀದಿಯ ಧೂಳಿಗೆ ಹಾರಿಹೋಯಿತು. ಬಳೆಯ ಚೂರನ್ನು ಹೆಕ್ಕಿ ಗಂಟಿಗೆ ಸೇರಿಸಿದೆ.

"ಬೇಡ," ಎಂದೆ.

"ಹುಚ್ಚು ಹಿಡೀತೇನೆ?" ಎಂದರು ಅತ್ತಿಗೆ.

"ಅವರು ಸಂಜೆಗೆ ಎದ್ದು ಹೋಗ್ತಾರೆ. ಆಮೇಲೆ ಎಲ್ಲಿ ಅಂತ ಹುಡುಕಲಿ? ನಾನು ಈಗಲೇ ತಿರುಗಿ ಹೋಗ್ತೀನಿ."

"ನಾಳೆ ಹೆಸರಿಡೋದು! ಕೂಸಿನ ಅಜ್ಜಿ ಎಲ್ಲಿ ಅಂದ್ರೆ ಏನ್ ಹೇಳ್ಲಿ? ಕುರಿ ಹಿಂದೆ ಹೋದ್ಲು ಅನ್ಲಾ?"

ಸೊರಬದ ಬಸ್ಸು ಹಾರ್ನ್ ಹೊಡೆಯಿತು. ಅತ್ತಿಗೆ ಬಯ್ಯುತ್ತಲೇ ಹತ್ತಿದರು. ನಾನು ಕಂಬಳಿ ಹೊತ್ತು ರಸ್ತೆಯ ಆಚೆಗೆ ದಾಟಿದೆ. ಮದುವೆಯಾದ ಮೇಲೆ ಒಬ್ಬಳೇ ಬಸ್ಸು ಹತ್ತಿದ್ದು ಅದೇ ಮೊದಲು.

ಶಿಕಾರಿಪುರದಲ್ಲಿ ಇಳಿದು ನೇರ ಕಣಕ್ಕೆ ಹೋದೆ. ಯಜಮಾನರು ಎಲ್ಲ ಕೇಳಿಸಿಕೊಂಡು, "ಎಷ್ಟೈತಿ?" ಎಂದರು.

"ಉಡಿದಾರ ತಂದು ಮೇಲೆ ಉಳೀತಿತ್ತು."

ಅವರು ಸ್ವಲ್ಪ ಹೊತ್ತು ಭತ್ತದ ರಾಶಿ ನೋಡುತ್ತ ನಿಂತರು. ಆಮೇಲೆ ಗಾಡಿಗೆ ಎತ್ತು ಹೂಡಿದರು. ಹೊತ್ತು ಇಳಿಯುತ್ತಿತ್ತು. ಗಾಡಿ ಕುಲುಕಿದಾಗಲೆಲ್ಲ, ಕುರಿಯವರು ಹೊರಟುಹೋಗಿದ್ದರೆ ಚೆನ್ನ ಎಂದು ಒಂದು ಮನಸ್ಸು, ಶಿವನೇ ಅವರನ್ನು ಅಲ್ಲೇ ನಿಲ್ಲಿಸು ಎಂದು ಇನ್ನೊಂದು ಮನಸ್ಸು.

ಅಂಜನಾಪುರದ ಕೆಳಗಿನ ಕುಯ್ದ ಗದ್ದೆಯಲ್ಲಿ ಕುರಿಗಳನ್ನು ಎಬ್ಬಿಸುತ್ತಿದ್ದರು. ಮುದುಕಿ ಗಡಿಗೆ ಮಡಿಕೆ ಕತ್ತೆಯ ಮೇಲೆ ಕಟ್ಟುತ್ತಿದ್ದಳು.

"ಏನವ್ವಾ, ವಾಪಸ್ ತಂದಿ? ಹರದೈತೇನು?"

"ಹರಿದಿಲ್ಲ ಅಜ್ಜಿ. ಇದು ಅದರೊಳಗಿತ್ತು."

ಅವಳು ಬಟ್ಟೆ ನೋಡಿದಳು. ಮುಖ ಅರಳಲಿಲ್ಲ. "ಯಾರ್ ಬಿಚ್ಚಿದ್ದು?"

"ನಾನೇ."

"ಮುಡುಪು ಬಿಚ್ಚಾಕೆ ನೀ ಯಾವಾಕಿ? ದೇವ್ರ ಮುಂದೆ ಬಿಚ್ಚೋದು ಅದು! ದೊಡ್ ಮನಸ್ ಮಾಡಿ ತಂದೀನಿ ಅಂತ ಬಂದಾಳೆ, ಬಿಚ್ಕಂಡು ಬಂದಾಳೆ!"

ಯಜಮಾನರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅವಳ ಕೈಗೆ ಬಳೆಯ ಚೂರು ಸಿಕ್ಕಿತು. ಬೆಳಕಿಗೆ ಹಿಡಿದು ನೋಡಿ, ಇದ್ದಲ್ಲೇ ಕೂತಳು.

"ನನ್ ಹಸ್ರು ಬಳಿ ಚೂರು ಇದು. ಹ್ವಾದ ವರ್ಸ ಜರ ಬಂದು ನನ್ ಮಾತು ನಿಂತಿತ್ತು. ಆವಾಗ ನಮ್ ಯಜಮಾನ ಹರಕಿ ಕಟ್ಯಾನೆ. ಒಂದ್ ಮಾತು ಹೇಳ್ಲಿಲ್ಲ ನೋಡವ್ವಾ. ಬೀಡಿಗೆ ದುಡ್ಡಿಲ್ಲ, ಬೀಡಿಗೆ ದುಡ್ಡಿಲ್ಲ ಅಂತ ನನ್ ಕೂಡೆ ಜಗಳಾಡ್ತಿದ್ದ, ಕಳ್ಳ."

ಕುರಿಗಳು ನಮ್ಮನ್ನು ಸುತ್ತಿಕೊಂಡು ಹೋದವು. ಆಮೇಲೆ ಭಂಡಾರದ ಚೀಲ ನನ್ನ ಮುಂದಿಟ್ಟಳು. "ಬಿಚ್ಚಿದ ಕೈಯೇ ಕಟ್ಬೇಕು. ಕಟ್ಟು."

ನೋಟು, ಬಳೆಯ ಚೂರು, ಹೊಸ ಭಂಡಾರ ಸೇರಿಸಿ ಕಟ್ಟಿದೆ. ಗಂಟು ಎರಡು ಸಲ ಜಾರಿತು. ಅವಳು ಅದನ್ನು ಕಣ್ಣಿಗೊತ್ತಿಕೊಂಡು ಕಂಬಳಿಗೂ ಕೈ ಚಾಚಿದಳು.

"ಇದನ್ನೂ ಕೊಟ್ ಹೋಗವ್ವಾ. ಅವನು ಇದರಾಗೇ ಇದ್ದ, ನನಗೆ ತಿಳೀಲಿಲ್ಲ. ನಿನ್ ದುಡ್ಡು ಮಾತ್ರ ಜ್ವಾಳ ಆಗಿ ಹೊಟ್ಟಿಗೆ ಹೋತು."

ಯಜಮಾನರ ಕಡೆ ನೋಡಿದೆ. ಅವರು ಎತ್ತಿನ ಹಗ್ಗ ಸರಿಮಾಡುತ್ತ, "ಕೊಡು," ಎಂದರು. ಕೊಟ್ಟೆ.

ಮರುದಿನ ಸೊರಬ ಮುಟ್ಟುವಷ್ಟರಲ್ಲಿ ಹೆಸರಿಟ್ಟಾಗಿತ್ತು. ಎಲೆ ಎತ್ತುತ್ತಿದ್ದರು. ಬೀಗಿತ್ತಿ ಬಾಗಿಲಲ್ಲೇ ನಿಂತಿದ್ದರು. "ಬಂದ್ರಾ? ಇನ್ನು ನಾಲ್ಕು ದಿನ ತಡೆದಿದ್ರೆ ಕೂಸೇ ನಡ್ಕೊಂಡು ಬಂದು ಬಸ್ ಸ್ಟ್ಯಾಂಡಿಂದ ಕರ್ಕೊಂಡು ಬರ್ತಿತ್ತು," ಎಂದರು. ನನ್ನ ಕೈ ನೋಡಿದರು. ಕೈಯಲ್ಲಿ ಏನೂ ಇರಲಿಲ್ಲ.

"ಕಂಬ್ಳಿ?" ಎಂದರು ಅತ್ತಿಗೆ.

"ಕೊಟ್ಟೆ."

"ಅದನ್ನೂನಾ!" ಎಂದು ಅವರು ಹಣೆ ಚಚ್ಚಿಕೊಂಡರು.

ಬೀಗಿತ್ತಿಯ ಮಾತು ತಡೆದುಕೊಂಡೆ. ತಡೆಯಲಾಗದೆ ಹೋದದ್ದು ಮಗಳದು. ಕೋಣೆಯಲ್ಲಿ ಪಾರ್ವತಿ ಮುಖ ಗೋಡೆಗೆ ಮಾಡಿ, "ಉಡಿದಾರ ಯಾರಿಗೆ ಬೇಕಿತ್ತವ್ವಾ? ನೀನು ಇದ್ದಿದ್ರೆ ಸಾಕಿತ್ತು," ಎಂದಳು. ಕೂಸನ್ನು ಮಡಿಲಿಗೆ ಹಾಕಿಕೊಂಡೆ. ಅದು ನನ್ನ ಬೆರಳು ಹಿಡಿದು ನಿದ್ದೆ ಹೋಯಿತು. ಅಷ್ಟು ದಯೆ ಇತ್ತು. ಸಂಜೆ ಪಾರ್ವತಿ ಈ ಕಡೆ ತಿರುಗಿ, ಆ ಮುದುಕಿ ಮತ್ತೇನು ಹೇಳಿದಳೆಂದು ಕೇಳಿದಳು.

ಕೆಲವು ದಿನ ಇದ್ದು ನಾನೂ ಅತ್ತಿಗೆಯೂ ಹಿಂತಿರುಗಿದೆವು. ಶಿರಾಳಕೊಪ್ಪ ದಾಟಿದ ಮೇಲೆ ಬಸ್ಸು ನಿಂತಿತು. ರಸ್ತೆಯ ತುಂಬ ಕುರಿ. ಹಿಂದಿನ ಕಿಟಕಿಯಿಂದ ಅತ್ತಿಗೆ, "ಅವಳೇ ಏನೇ? ಕರೆಯೇ, ಕರೆ! ಕಂಬ್ಳಿ ದುಡ್ಡಾದ್ರೂ ಕೊಡ್ಲಿ," ಎಂದರು.

ಅವಳೇ. ನಾನು ಕರೆಯಲಿಲ್ಲ. ಅಷ್ಟು ಬಿಸಿಲಿನಲ್ಲೂ ಕಂಬಳಿಯನ್ನು ತಲೆಯ ಮೇಲೆ ಹೊದ್ದುಕೊಂಡು ಮಂದೆಯ ಹಿಂದೆ ನಡೆಯುತ್ತಿದ್ದಳು. ಅದರ ಒಂದು ಮೂಲೆಯನ್ನು, ಜಾತ್ರೆಯ ಜನರಲ್ಲಿ ಮನೆಯವನ ಕೈ ಹಿಡಿದ ಹಾಗೆ, ಬಿಗಿಯಾಗಿ ಹಿಡಿದಿದ್ದಳು. ಬಸ್ಸು ಪಕ್ಕದಲ್ಲೇ ಹಾದರೂ ತಲೆ ಎತ್ತಿ ನೋಡಲಿಲ್ಲ.