ಮಂದೆ ನಿಂತ ಹುಲ್ಲು

ಅಂದಾನಯ್ಯನಿಗೆ ಗರಿಕೆಯ ಮೇಲೆ ಹುಟ್ಟಿದಾರಭ್ಯ ಕೋಪ. ದೇವಲಾಪುರದ ಕಡೆ ಮಳೆ ನಂಬಿ ರಾಗಿ ಬೆಳೆಯುವ ಯಾರಿಗೂ ಅದರ ಮೇಲೆ ಪ್ರೀತಿ ಇರುವುದಿಲ್ಲ ಬಿಡಿ. ಎಳೆದರೆ ಅರ್ಧ ಬರುತ್ತದೆ, ಇನ್ನರ್ಧ ನೆಲದೊಳಗೇ ಕೂತು ನಗುತ್ತದೆ. ಕಿತ್ತು ಬದುವಿನ ಮೇಲೆಸೆದು ಎಂಟು ದಿನ ಒಣಗಿಸಿದರೂ ಒಂದು ಹನಿ ಬಿದ್ದರೆ ಸಾಕು, ಎಸೆದ ಕಡೆಯೇ ಸಂಸಾರ ಹೂಡುತ್ತದೆ. ಅದನ್ನು ಕಿತ್ತೂ ಕಿತ್ತೂ ಬೆರಳು ಸೊಟ್ಟಗಾದ ಮನುಷ್ಯನನ್ನು ಸರ್ಕಾರ ಕರೆದು, ಗರಿಕೆ ಬೆಳೆಸು ಎಂದು ಸಂಬಳ ಕೊಟ್ಟಿತು. ಹಣೆಬರಹ ಅಂದರೆ ಇದು.

ಪಾಂಡವಪುರದಿಂದ ಮೂರು ಮೈಲಿಯಾಚೆ, ನಾಲೆ ಏರಿಯ ಪಕ್ಕ, ಇಂಜಿನಿಯರುಗಳು ಬಂದರೆ ಇಳಿದುಕೊಳ್ಳಲೆಂದು ಒಂದು ಬಂಗಲೆ ಇತ್ತು. ಅದರ ಮುಂದೆ ಗರಿಕೆಯ ಹುಲ್ಲುಹಾಸು. ನಾಲೆಯ ಕಲ್ಲುಕೆಲಸಕ್ಕೆ ಬಂದು ಸೊಂಟ ನೋಯಿಸಿಕೊಂಡ ಅಂದಾನಯ್ಯನನ್ನು ೧೯೫೬ರಲ್ಲಿ ಅಲ್ಲಿಗೆ ಮಾಲಿಯಾಗಿ ಹಾಕಿದರು. ಮೊದಲ ದಿನ ಅವನು ಮಾಡಿದ ಕೆಲಸವನ್ನು ಹೇಳಿದರೆ ಈಗಲೂ ನಗು ಬರುತ್ತದೆ. ಯಾರೂ ಏನೂ ಹೇಳದಿದ್ದರೂ ಕುಕ್ಕರುಗಾಲಲ್ಲಿ ಕೂತು, ಒಂದು ಚಾಪೆಯಗಲ ಗರಿಕೆಯನ್ನು ಬೇರು ಸಮೇತ ಕಿತ್ತು ಗುಡ್ಡೆ ಹಾಕಿಬಿಟ್ಟ. ಕಾವಲುಗಾರ ಬಾಯಿ ಬಡಿದುಕೊಂಡು ಓಡಿಬಂದ. ಹೆಂಡತಿ ಸಿದ್ದಲಿಂಗಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ಬಂಗಲೆಯ ಹಿಂದಿನ ಹೆಂಚಿನ ಕೋಣೆಯಲ್ಲಿ ಗಂಡಹೆಂಡಿರ ಬಿಡಾರ. ಮಕ್ಕಳಿಲ್ಲ. ಅವಳು ಪಾತ್ರೆ ತೊಳೆದ ನೀರು ಬಚ್ಚಲಿನಿಂದ ಹರಿದು ಹೋಗುವ ಕಡೆ ಗರಿಕೆ ತಾನಾಗಿಯೇ ಹಬ್ಬಿತು. ಅಂದಾನಯ್ಯನ ಕೈ ಅಲ್ಲಿಗೆ ಹೋದಾಗಲೆಲ್ಲ ಅವಳು ತಡೆಯುತ್ತಿದ್ದಳು. “ಇರ್ಲಿ ಬುಡಿ ಅತ್ಲಾಗೆ. ಇದೇನು ನಿಮ್ಮೊಲವಾ?”

ಒಂಬತ್ತನೆಯ ವರ್ಷ ಅವಳು ಜ್ವರ ಬಂದು ತೀರಿಕೊಂಡಳು. ಕಾವಲುಗಾರನಿಗೂ ವರ್ಗವಾಯಿತು; ಅವನ ಜಾಗಕ್ಕೆ ಯಾರೂ ಬರಲಿಲ್ಲ. ಹಳ್ಳಿ ಒಂದು ಮೈಲಿ ದೂರ. ಯಾರೊಡನೆಯೂ ಮಾತಾಡದೆ ಮೂರು ದಿನ ಕಳೆದದ್ದು ಅಂದಾನಯ್ಯನಿಗೇ ತಿಳಿಯುತ್ತಿರಲಿಲ್ಲ. ಸಂತೆಯಲ್ಲಿ ಉಪ್ಪು ಕೇಳಲು ಬಾಯಿ ತೆರೆದಾಗ ಗಂಟಲು ಕಟ್ಟಿಕೊಂಡು, ಅಂಗಡಿಯವನು “ಏನು?” ಎಂದು ಎರಡು ಸಲ ಕೇಳಿದಾಗ ತಿಳಿಯುತ್ತಿತ್ತು. ಬಚ್ಚಲ ಹಿಂದಿನ ಗರಿಕೆಗೆ ಈಗ ಒಂದೇ ತಟ್ಟೆ ತೊಳೆದ ನೀರು.

ಇಂಥ ಹೊತ್ತಿನಲ್ಲಿ, ೧೯೬೭ರ ಯುಗಾದಿ ಕಳೆದ ಮೇಲೆ, ಒಂದು ಸಂಜೆ ಏರಿಯ ಮೇಲೆ ನೂರೈವತ್ತು ಕುರಿ ಬಂದವು. ಕೊಯ್ಲಾದ ಬಯಲುಗಳಲ್ಲಿ ರಾತ್ರಿ ಮಂದೆ ನಿಲ್ಲಿಸಿ, ಗೊಬ್ಬರ ಕೊಟ್ಟು ರಾಗಿ ಪಡೆಯುತ್ತ ಊರೂರು ಸಾಗುವ ಕುರಿ. ಅಂದಾನಯ್ಯ ಬೇಲಿಯ ಬಳಿ ನಿಂತು, “ಯಾವೂರಣ್ಣ?” ಎಂದ.

“ಬಿಂಡಿಗನವಿಲೆ,” ಎಂದ ಕುರಿಯವನು. ಹೆಸರು ಚೌಡಯ್ಯ.

ತನ್ನ ದೇವಲಾಪುರದ ಹಾಗೆ ಅದೂ ನಾಗಮಂಗಲ ಸೀಮೆಯೇ! ಆ ಮಾತಿನ ಎಳೆತ ಕೇಳಿಯೇ ಅಂದಾನಯ್ಯನಿಗೆ ಎದೆ ತುಂಬಿ ಬಂತು. ಇನ್ನೊಬ್ಬನಾದರೆ ಒಂದು ಬೀಡಿ ಕೊಟ್ಟು, ಒಂದು ಗಳಿಗೆ ಮಾತಾಡಿ ಕಳಿಸುತ್ತಿದ್ದ. ಇವನು ಹೋಗಿ ಗೇಟು ತೆಗೆದ.

“ಇಲ್ಲೇ ನಿಲ್ಸಣ್ಣ ಮಂದೆಯ. ಉಲ್ಲಿಗೂ ಒಸಿ ಗೊಬ್ರ ಆಯ್ತದೆ.”

ಚೌಡಯ್ಯ ಹುಲ್ಲು ನೋಡಿದ, ಬಂಗಲೆ ನೋಡಿದ. “ಇಲ್ಲೇನಾ? ಯಾರೂ ಏನೂ ಅನ್ನಾಕಿಲ್ವಾ?”

“ಯಾರವ್ರೆ ಅನ್ನಾಕೆ!”

ಮಂದೆ ಮೂರು ದಿನ ನಿಂತಿತು. ಅಂದಾನಯ್ಯ ಮೂರು ದಿನವೂ ಎರಡೆರಡು ಮುದ್ದೆ ಕಟ್ಟಿದ. ಎದುರಿಗೆ ಕೂತು ಉಣ್ಣುವವನೊಬ್ಬ ಇದ್ದರೆ ಬರೀ ಹುರುಳಿ ಸಾರೂ ಎಷ್ಟು ರುಚಿ ಎಂಬುದನ್ನು ಅವನು ಮರೆತೇಬಿಟ್ಟಿದ್ದ. ಯಾವ ಕೆರೆ ತುಂಬಿತು, ಯಾರ ಮನೆ ಇಬ್ಭಾಗವಾಯಿತು, ಬಿಂಡಿಗನವಿಲೆಗೆ ಬಸ್ಸು ಈಗ ಎಷ್ಟು ಹೊತ್ತಿಗೆ ಬರುತ್ತದೆ, ಎಲ್ಲವನ್ನೂ ಕೇಳಿದ. ಕೇಳಿದ್ದನ್ನೇ ಮತ್ತೆ ಕೇಳಿದ. ನಾಲ್ಕನೆಯ ದಿನ ಬೆಳಿಗ್ಗೆ ಕುರಿ ಹೊರಟವು.

ಎಂಟು ದಿನಕ್ಕೆ ಹುಲ್ಲು ಹಳದಿಯಾಯಿತು. ಇನ್ನೆಂಟು ದಿನಕ್ಕೆ ಸೀದ ರೊಟ್ಟಿಯ ಬಣ್ಣಕ್ಕೆ ತಿರುಗಿತು. ಅವನ ಸೀಮೆಯಲ್ಲಿ ಬೇಸಿಗೆಯಲ್ಲಿ ಮಂದೆ ನಿಲ್ಲಿಸುವುದು ಉತ್ತು ಬಿಟ್ಟ ಖಾಲಿ ಹೊಲದಲ್ಲಿ. ಬಿತ್ತುವ ಹೊತ್ತಿಗೆ ಗೊಬ್ಬರದ ಕಾವು ಇಳಿದಿರುತ್ತದೆ. ಇಲ್ಲಿ ಇದ್ದದ್ದು ಜೀವಂತ ಹುಲ್ಲು. ಮೇಲೆ ಬಿಸಿಲು, ದುರಸ್ತಿಗೆಂದು ನಾಲೆಯ ನೀರೂ ನಿಲ್ಲಿಸಿದ್ದರು, ಅದರ ಮೇಲೆ ಹಸಿ ಹಿಕ್ಕೆ, ಹಸಿ ಗಂಜಲ. ಬೇರು ಬೆಂದುಹೋಗದೆ ಏನು ಮಾಡೀತು? ಇದು ಅಂದಾನಯ್ಯನಿಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಗೊತ್ತಿತ್ತು. ಆ ಸಂಜೆ ಅವನಿಗೆ ಬೇಕಾಗಿದ್ದದ್ದು ಗೊಬ್ಬರವಲ್ಲ.

ಮೇ ತಿಂಗಳ ಮೊದಲ ವಾರ ಓವರ್‌ಸಿಯರು ಚಲುವರಾಜು ಸೈಕಲ್ಲಿನಲ್ಲಿ ಬಂದ. ಕೆಟ್ಟವನಲ್ಲ, ಆದರೆ ಎಲ್ಲವನ್ನೂ ಸುಲಭ ಮಾಡಿಬಿಡುವ ಪೈಕಿ. ಹುಲ್ಲನ್ನು ಬೂಟಿನಿಂದ ಕೆದಕಿದ. ಪುಡಿಪುಡಿಯಾಗಿ ಹಾರಿತು.

“ಸತ್ತೋಗದೆ ಕಣಯ್ಯ ಇದು. ನಾಲೆಗೆ ನೀರು ಬುಡಕ್ಕೆ ಜೂನ್ ಅತ್ತನೇ ತಾರೀಕು ಸಾಹೇಬ್ರು ಬತ್ತಾರೆ. ಜಲ್ಲಿ ಹಾಸ್ಬುಡನ, ಚೊಕ್ಕಟವಾಗಿರ್ತದೆ.”

“ಜಲ್ಲಿ ಹಾಕುದ್ರೆ ನಾನೇನ್ ಮಾಡ್ಲಿ ಸ್ವಾಮಿ?”

“ಜಲ್ಲಿಗೆ ಮಾಲಿ ಯಾಕಯ್ಯ? ಊರಿಗೋಗು. ತಮ್ಮ ಅವ್ನಲ್ಲ.”

ತಮ್ಮ ಇದ್ದ, ನಿಜ. ಸಿದ್ದಲಿಂಗಮ್ಮನ ಮಣ್ಣಿಗೂ ಬಾರದ ತಮ್ಮ. ಅಂದಾನಯ್ಯ ಕೈಮುಗಿದು, ಆ ತಾರೀಕಿನವರೆಗೆ ಬಿಡಿ ಎಂದು ಬೇಡಿಕೊಂಡ. ಚಲುವರಾಜು ಒಪ್ಪಿದ; ಆದರೂ ಮೂರು ಗಾಡಿ ಜಲ್ಲಿ ತರಿಸಿ ಗೇಟಿನ ಪಕ್ಕ ಸುರಿಸಿಯೇ ಹೋದ. ದಿನಾ ಕಣ್ಣಿಗೆ ಬೀಳಲಿ ಎಂದಿರಬೇಕು.

ಅಂದಾನಯ್ಯ ಹುಲ್ಲಿನ ಮೇಲೆ ಕೂತು ಹಿಡಿಹಿಡಿಯಾಗಿ ಎಳೆದು ನೋಡುತ್ತ ಹೋದ. ಸತ್ತ ಹುಲ್ಲು ತಲೆಗೂದಲು ಉದುರಿದ ಹಾಗೆ ಸುಮ್ಮನೆ ಕೈಗೆ ಬರುತ್ತದೆ. ಜೀವ ಇದ್ದದ್ದು ಜಗ್ಗುತ್ತದೆ. ನಲವತ್ತು ವರ್ಷ ಗರಿಕೆ ಕಿತ್ತ ಕೈಗೆ ಈ ವ್ಯತ್ಯಾಸ ಕಣ್ಣುಮುಚ್ಚಿದರೂ ಗೊತ್ತು. ಯಾವ ಜಗ್ಗಾಟಕ್ಕೆ ಹೊಲದಲ್ಲಿ ಬಾಯಿತುಂಬ ಬೈಯುತ್ತಿದ್ದನೋ, ಈಗ ಅದೇ ಸಿಗಲಿ ಎಂದು ದೇವರಿಗೆ ಹರಕೆ ಹೊತ್ತ. ಮೂರು ಪಾಲಿನಲ್ಲಿ ಒಂದು ಪಾಲು ಜಗ್ಗಿತು. ಅಷ್ಟು ಕಡೆ ಗುರುತಿಗೆ ಕಡ್ಡಿ ನೆಟ್ಟ.

ಉಳಿದ ಕಡೆ ಮೇಲಿನ ಒಂದಂಗುಲ ಕೆರೆದು ತೆಗೆದ. ಹಾರೆಯಿಂದ ಗೇಣಿಗೊಂದು ತೂತು ಹಾಕಿ, ಬಾವಿಯಿಂದ ಸೇದಿ ಸೇದಿ ನೆಲದ ಕಾವು ಇಳಿಯುವ ತನಕ ನೀರು ಕುಡಿಸಿದ. ಸೊಂಟ ಕಿತ್ತು ಬರುತ್ತಿತ್ತು. ಹಿಡಿಶಾಪ ಹಾಕುತ್ತಲೇ ಸೇದಿದ. ಒಣಗಿದ ನಾಲೆಯ ತಳದಿಂದ ಹೂಳು ಹೊತ್ತು ತಂದು, ಜರಡಿ ಹಿಡಿದು ತೆಳ್ಳಗೆ ಹರಡಿದ. ಇನ್ನು ನೆಡಲು ಹಸಿ ಗರಿಕೆ ಬೇಕು. ಆ ಬೇಸಿಗೆಯಲ್ಲಿ ಎಲ್ಲಿದೆ ಹಸಿರು? ಏರಿ ಬೋಳು, ಬಯಲು ಬೋಳು, ಬದುಗಳೆಲ್ಲ ಬೋಳು. ಹಸಿರು ಇದ್ದದ್ದು ಒಂದೇ ಕಡೆ, ಬಚ್ಚಲ ಹಿಂದೆ.

ಎರಡು ದಿನ ಅವನು ಆ ಕಡೆ ಹೋಗಲಿಲ್ಲ. ಮೂರನೆಯ ದಿನ ಕುಡುಗೋಲು ಹಿಡಿದು ಹೋಗಿ ಕೂತ. ಅವಳು ತಡೆಯುತ್ತಾಳೇನೋ ಎಂಬಂತೆ ಸ್ವಲ್ಪ ಹೊತ್ತು ಕಾದ. ಆಮೇಲೆ, “ನಿನ್ ಜಾಗ್ದಲ್ಲೇ ಇರ್ಬೇಕು ಅಂತ ಕೀಳ್ತಾ ಇವ್ನಿ ಕಣೆ,” ಎಂದು ಗಟ್ಟಿಯಾಗಿಯೇ ಹೇಳಿ, ಬುಡ ಸಮೇತ ಎಬ್ಬಿಸಿದ. ಅಳು ಬಂತು. ನೋಡುವವರು ಯಾರೂ ಇರಲಿಲ್ಲವಾದ್ದರಿಂದ ಚೆನ್ನಾಗಿಯೇ ಅತ್ತ.

ಒಂದೊಂದು ಬಳ್ಳಿಯನ್ನೂ ಮೂರು ಗೆಣ್ಣಿನ ತುಂಡುಗಳಾಗಿ ಕತ್ತರಿಸಿ, ರಾಗಿ ಪೈರು ನಾಟಿ ಮಾಡುವಂತೆ ಸಾಲಾಗಿ ನೆಟ್ಟು ಹಿಮ್ಮಡಿಯಿಂದ ಒತ್ತಿದ. ಮೇಲೆ ತೆಂಗಿನ ಗರಿ ಮುಚ್ಚಿ ನೆರಳು ಮಾಡಿದ. ಬೆಳಗಿನ ಜಾವಕ್ಕೊಮ್ಮೆ, ಹೊತ್ತು ಇಳಿದ ಮೇಲೊಮ್ಮೆ ನೀರು ಚಿಮುಕಿಸಿದ. ಕೃತ್ತಿಕೆ ಮಳೆ ಗುಡುಗಿ ಗುಡುಗಿ ಶ್ರೀರಂಗಪಟ್ಟಣದ ಕಡೆ ಹೋಯಿತು. ಹನ್ನೆರಡನೆಯ ದಿನ ಗರಿ ಎತ್ತಿ ನೋಡಿದರೆ ಗೆಣ್ಣುಗಳಲ್ಲಿ ಸೂಜಿಮೊನೆಯಷ್ಟು ಹಸಿರು. ರೋಹಿಣಿ ಮಳೆ ಮಾತ್ರ ಕೈಬಿಡಲಿಲ್ಲ. ಎರಡು ಸಲ ಹದವಾಗಿ ಸುರಿಯಿತು. ಆಮೇಲೆ ಕೇಳಬೇಕೆ! ಗರಿಕೆ ತನ್ನ ಹಳೇ ಬುದ್ಧಿ ತೋರಿಸಿತು. ಸಾಲು ಸಾಲಿಗೆ ಕೂಡಿ, ಬದುಕಿ ಉಳಿದಿದ್ದ ಹುಲ್ಲನ್ನೂ ಹಿಡಿದುಕೊಂಡು ನೆಲ ಮುಚ್ಚಿತು.

ಹತ್ತನೇ ತಾರೀಕು ಸಾಹೇಬರು ಬಂದು, ಚಪ್ಪಲಿ ಕಳಚಿ ಅದರ ಮೇಲೆ ನಾಲ್ಕು ಹೆಜ್ಜೆ ನಡೆದು, ಬಹಳ ಚೆನ್ನಾಗಿದೆ ಎಂದರು. ಇಂಥದ್ದನ್ನು ದನಕುರಿ, ದಾರಿಹೋಕರು ತುಳಿದು ಹಾಳುಮಾಡಬಾರದು ಎಂದು ಒಂದು ಬೋರ್ಡು ಬರೆಸಲು ಹೇಳಿದರು. ಜಲ್ಲಿ ಏರಿಯ ರಸ್ತೆಗೆ ಹೋಯಿತು. ಚಲುವರಾಜು ಬೋರ್ಡು ನೆಡಿಸಿ, ಓದಲು ಬಾರದ ಅಂದಾನಯ್ಯನಿಗೆ ಓದಿ ಹೇಳಿದ. “ಹುಲ್ಲಿನ ಮೇಲೆ ಯಾರೂ ಕಾಲಿಡಕೂಡದು. ಗೊತ್ತಾಯ್ತಾ? ಇನ್ನೊಂದ್ಸಲ ಇಂಗಾದ್ರೆ ನಾನ್ ಕೇಳಾಕಿಲ್ಲ.”

ಅದಾದ ನಾಲ್ಕನೆಯ ದಿನ ಸಂಜೆ ಕುರಿಗಳ ಸದ್ದು ಕೇಳಿತು. ಅಂದಾನಯ್ಯ ಓಡಿಬಂದ. ಚೌಡಯ್ಯ ಊರಿನ ಕಡೆ ತಿರುಗಿದ್ದ. ಹುಲ್ಲು ನೋಡಿ ಅವನ ಮುಖ ಅರಳಿತು.

“ಅಂದಾನಣ್ಣಾ! ನಮ್ ಕುರಿ ಗೊಬ್ರ ನೋಡು ಎಂಗ್ ಇಡಿದದೆ! ಇವತ್ತೂ ಇಲ್ಲೇ ನಿಲ್ಸ್ಲಾ?”

ಅಂದಾನಯ್ಯನ ಕೈ ಗೇಟಿನ ಅಗುಳಿಯ ಮೇಲಿತ್ತು. ಆ ಗೊಬ್ಬರ ಏನು ಮಾಡಿತೆಂದು ಹೇಳಲು ಮನಸ್ಸು ಬರಲಿಲ್ಲ. “ಬ್ಯಾಡ ಕಣಣ್ಣ. ಬೋರ್ಡು ಆಕ್ಬುಟ್ಟವ್ರೆ,” ಎಂದ. ಆಮೇಲೆ ಆತುರದಲ್ಲಿ, “ನೀನಾದ್ರೂ ಒಳಿಕ್ ಬಾ. ಮುದ್ದೆ ತೊಳಸ್ತೀನಿ, ಒಂದ್ಗಳಿಗೆ,” ಎಂದ.

“ಕುರಿ ಬುಟ್ಟು ಎಂಗ್ ಬರ್ಲಣ್ಣ? ಕತ್ಲಾಗೋದ್ರೊಳ್ಗೆ ಬೇರೆ ಕಡೆ ಇಳೀಬೇಕು.”

“ಅಂಗಾರೆ ಮುಂದ್ಲ ವರ್ಸ ಬಾ. ಏರಿ ಮೇಲೇ ಕೂತ್ಕಂಡು ಉಣ್ಣನ.”

ಚೌಡಯ್ಯ ತಲೆ ಕೆರೆದುಕೊಂಡ. “ಮುಂದ್ಲ ವರ್ಸ ಈ ದಾರೀಲಿ ಬರಾಕಿಲ್ಲ ಕಣಣ್ಣ. ಇಲ್ಲೆಲ್ಲ ಬೇಸ್ಗೆ ಬೆಳೆ ಇಡ್ತಾರಂತೆ, ಬಯಲೇ ಸಿಕ್ಕಾಕಿಲ್ಲ. ಹೇಮಗಿರಿ ಕಡೆ ಒಳೆ ದಂಡೇಲಿ ಓಯ್ತೀವಿ.”

ಇಬ್ಬರೂ ಬೇಲಿಯ ಆಚೆಗೊಬ್ಬ ಈಚೆಗೊಬ್ಬ ನಿಂತೇ ಇದ್ದರು. ಅಷ್ಟರಲ್ಲಿ ಒಂದು ಮರಿ ಬೇಲಿಯ ಸಂದಿಯಲ್ಲಿ ನುಸುಳಿ ಬಂದು, ಬೋರ್ಡಿನ ಕಂಬದ ಬುಡದಲ್ಲಿ ಹುಲ್ಲಿಗೆ ಬಾಯಿ ಹಾಕಿತು. ಚೌಡಯ್ಯ ಗಾಬರಿಯಿಂದ ಕೋಲು ಎತ್ತಿದ.

“ತಿನ್ಲಿ ಬುಡು,” ಎಂದ ಅಂದಾನಯ್ಯ.

ಅದು ಅಂಗೈಯಗಲ ಮೇಯ್ದ ಮೇಲೆ ಎತ್ತಿ ಬೇಲಿಯಾಚೆ ಕೊಟ್ಟ. ಕುರಿಗಳು ಏರಿ ಹತ್ತಿ ತಿರುವಿನಲ್ಲಿ ಮರೆಯಾದವು.

ಮಾರನೆಯ ದಿನದಿಂದ ನೀರು ಹಾಕುವಾಗೆಲ್ಲ ಅವನು ಆ ಅಂಗೈಯಗಲ ಜಾಗದ ಹತ್ತಿರ ಒಂದು ಗಳಿಗೆ ನಿಲ್ಲುತ್ತಿದ್ದ. ಗುರುತು ಉಳಿಯಲೆಂದು ಅಷ್ಟು ಕಡೆ ನೀರು ಹಾಕದೆ ಬಿಟ್ಟೂ ನೋಡಿದ. ಏಳನೆಯ ದಿನಕ್ಕೆ ಹುಲ್ಲು ಚಿಗುರಿ, ಎಲ್ಲದರ ಜೊತೆ ಸಮನಾಗಿ, ಮರಿ ಮೇಯ್ದದ್ದು ಯಾವ ಕಡೆ ಎಂದು ಹುಡುಕಿದರೂ ತಿಳಿಯದಂತಾಯಿತು. ಗರಿಕೆಯ ಮೇಲಿದ್ದ ಹಳೆಯ ಕೋಪವೆಲ್ಲ ಅವತ್ತು ಅಂದಾನಯ್ಯನಿಗೆ ಮತ್ತೆ ಬಂತು.