ನುಗ್ಗೆಸೊಪ್ಪಿಗೆ ನಿಂಬೆ ಹಿಂಡಿಸಿದ ಮಗಳು

“ಅಮ್ಮಾ, ಹದಿಮೂರು! ಈ ಸಲ ನನ್ನ ರಕ್ತ ತಗೊಂಡ್ರು!” ಕ್ರೋಂಪೇಟೆಯ ಕಾಲೇಜಿನಿಂದ ಮಗಳು ಫೋನಿನಲ್ಲಿ ಕೂಗಿದ ರಭಸಕ್ಕೆ ನನ್ನ ಕೈಯ ಸೌಟು ಸಾರಿನೊಳಗೇ ಬಿತ್ತು.

ಹಿಂದಿನ ರಕ್ತದಾನ ಶಿಬಿರದಲ್ಲಿ ಹಿಮೋಗ್ಲೋಬಿನ್ ಹನ್ನೆರಡೂವರೆಯೂ ಇಲ್ಲವೆಂದು ಅವಳನ್ನು ವಾಪಸು ಕಳಿಸಿದ್ದರು. ಅಂದು ಅಳುತ್ತಲೇ ಮನೆಗೆ ಬಂದವಳು, ಯಾವುದರಲ್ಲಿ ಎಷ್ಟು ಕಬ್ಬಿಣದ ಅಂಶವಿದೆ ಎಂದು ಗೆಳತಿಯರ ಜತೆ ಮೊಬೈಲಿನಲ್ಲಿ ಹುಡುಕತೊಡಗಿದಳು. ಹುಳಿ ಸೇರಿದರೆ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆಂದು ನುಗ್ಗೆಸೊಪ್ಪಿನ ಪಲ್ಯಕ್ಕೆ ನಿಂಬೆ ಹಿಂಡಿಸಿದಳು. ಕೊನೆಗೆ, ಊಟದ ಬೆನ್ನಿಗೇ ಕಾಫಿ ಕುಡಿಯುವ ನಮ್ಮ ಮನೆಯ ರೂಢಿಗೂ ಕೈಹಾಕಿದಳು.

“ಊಟ ಆಗಿ ಒಂದು ಗಂಟೆ ಕಾಫಿ ಇಲ್ಲ. ಕಬ್ಬಿಣ ಮೈಗೆ ಹತ್ತೋಕೆ ಅದು ಬಿಡಲ್ವಂತೆ.”

“ನಿನ್ನ ಮೊಬೈಲು ನನಗೆ ಅಡುಗೆ ಕಲಿಸುತ್ತದೇನೇ?” ಎಂದು ರೇಗಿಸಿದರೆ, “ಕೊಂಜಂ ಪೊರುಮಾ” ಎಂದು, ಸ್ವಲ್ಪ ತಾಳಮ್ಮಾ ಎಂದು, ಇಲ್ಲಿನವರ ತಮಿಳಿನಲ್ಲೇ ನನಗೆ ತಾಳ್ಮೆಯ ಪಾಠ ಹೇಳಿದ್ದಳು. ಮೂರು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ.

ಇಷ್ಟು ವರ್ಷ ಅವಳ ತಟ್ಟೆ ಖಾಲಿಯಾಯಿತೇ ಎಂದಷ್ಟೇ ನೋಡಿದವಳು ನಾನು. ನನ್ನ ಮೈಯಲ್ಲಿ ರಕ್ತ ಎಷ್ಟಿದೆಯೆಂದು ಯೋಚಿಸಿದ್ದೇ ಇಲ್ಲ. ಮುಂದಿನ ಶಿಬಿರದಲ್ಲಿ ಅವಳ ಪಕ್ಕದ ಮಂಚದಲ್ಲಿ ನಾನೂ ತೋಳು ಚಾಚಿ ಮಲಗಲೇಬೇಕೆಂದು ಈಗ ನನಗೂ ಹಠ ಬಂದಿದೆ.