ಶೂ ಮೂಸುವ ಪರೀಕ್ಷಕರು

ನಮ್ಮ ಅಂಗಡಿಯಲ್ಲಿ ಶೂ ಕೊಳ್ಳುವವರು ಅದನ್ನು ಕಾಲಿಗೆ ಹಾಕುವುದಿಲ್ಲ. ಕಂಪನಿಯವರು ಒಂದೊಂದು ಮಾದರಿಯಲ್ಲಿ ಕೆಲವೇ ಜೋಡಿ ಮಾಡಿ ನಿಲ್ಲಿಸಿಬಿಡುತ್ತಾರೆ. ಸಿಕ್ಕವರು ಡಬ್ಬದಲ್ಲೇ ಜೋಪಾನ ಮಾಡಿ, ಬೆಲೆ ಏರಿದ ಮೇಲೆ ಇಲ್ಲಿಗೆ ಮಾರಲು ತರುತ್ತಾರೆ. ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದರೆ ಬೆಲೆ ಅರ್ಧಕ್ಕಿಳಿಯುತ್ತದೆ. ನಾನು ಬಿಲ್ ಬರೆಯುವವಳು. ನಮ್ಮಪ್ಪನ ಗಂಟೇನೂ ಹೋಗುವುದಿಲ್ಲವಲ್ಲ ಎಂದು ಸುಮ್ಮನಿರುತ್ತೇನೆ.

ತಂದ ಜೋಡಿ ಅಸಲಿಯೋ ನಕಲಿಯೋ ಹೇಳುವುದು ಪರೀಕ್ಷಕರ ಕೆಲಸ. ಹಿಂದೆ ಕಾರ್ಖಾನೆಯಲ್ಲಿ ಶೂಗೆ ಅಟ್ಟೆ ಅಂಟಿಸುತ್ತಿದ್ದವರು. ಹೊಲಿಗೆ ಎಣಿಸಿ, ಒಳಗಿನ ಚೀಟಿ ಓದಿ, ಕೊನೆಗೆ ಶೂ ಒಳಗೆ ಮೂಗಿಟ್ಟು ಕಣ್ಣು ಮುಚ್ಚುತ್ತಾರೆ. ನಕಲಿಯವರು ಹಾಕುವ ಅಗ್ಗದ ಅಂಟಿನ ಘಾಟೇ ಬೇರೆಯಂತೆ. ಆ ಮೂಗನ್ನು ನಂಬಿ, ಬೇರೆಡೆ ಕೊಂಡದ್ದನ್ನೂ ಹಣ ಕೊಟ್ಟು ಪರೀಕ್ಷೆ ಮಾಡಿಸಲು ಎಲ್ಲೆಲ್ಲಿಂದಲೋ ಜನ ಬರುತ್ತಿದ್ದರು. ಅದಿಲ್ಲದಿದ್ದರೆ ಆ ವಯಸ್ಸಿನಲ್ಲಿ ಅವರನ್ನು ಯಾರೂ ಕೆಲಸಕ್ಕಿಟ್ಟುಕೊಳ್ಳುತ್ತಿರಲಿಲ್ಲ. ಅದು ಅವರಿಗೂ ಗೊತ್ತಿತ್ತು.

ಒಂದು ಮಧ್ಯಾಹ್ನ ಹೆಂಗಸೊಬ್ಬಳು ತಮ್ಮನದೆಂದು ಒಂದು ಡಬ್ಬ ತಂದಳು. ಮುಚ್ಚಳ ತೆಗೆದದ್ದೇ ತಡ, ನಾನು ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡೆ. ಬೆಕ್ಕಿನ ಉಚ್ಚೆ! ಅಂಗಡಿಯ ಒಡತಿ ಮೇಡಂ ಎರಡು ಹೆಜ್ಜೆ ಹಿಂದೆ ಸರಿದರು. ಪರೀಕ್ಷಕರು ಮಾತ್ರ ಎಂದಿನಂತೆ ಮೂಗಿಟ್ಟು, ಕಣ್ಣು ಮುಚ್ಚಿ, ನಿಧಾನವಾಗಿ ಹೇಳಿದರು:

"ಅಸಲಿ. ಇನ್ನೂ ಹೊಸ ಅಂಟಿನ ವಾಸನೆ ಇದೆ."

"ಏನೂ ಅಂದ್ಕೋಬೇಡಿ ಸಾರ್, ನಮ್ಮ ಬೆಕ್ಕು ಇದ್ರೊಳಗೇ ಮಲಗ್ತಿತ್ತು. ತೊಳೆಸ್ಕೊಂಡು ಬರ್ತೀನಿ" ಎಂದು ಆಕೆ ನಗು ನುಂಗಿಕೊಂಡು ಹೊರಟುಹೋದಳು.

ಪರೀಕ್ಷಕರು ನನ್ನ ಕರವಸ್ತ್ರ ನೋಡಿದರು. ಮುಖ ಪೆಚ್ಚಾಯಿತು. ನಾನು ಕರವಸ್ತ್ರ ಕೆಳಗಿಳಿಸಿದೆ.

"ಯಾವಾಗಿಂದ ಹೀಗೆ?" ಎಂದರು ಮೇಡಂ.

"ಜ್ವರ ಬಂದಿತ್ತಲ್ಲ, ಆವಾಗಿಂದ. ಐದು ತಿಂಗಳಾಯ್ತು. ಕೆಲಸ ಹೋಗುತ್ತೆ ಅಂತ ಬಾಯಿಬಿಡ್ಲಿಲ್ಲ."

ಮೇಡಂ ನನ್ನ ಬಿಲ್ ಪುಸ್ತಕ ತಿರುವಿ ನೋಡಿದರು. "ಈ ಐದು ತಿಂಗಳಲ್ಲಿ ನೀವು ಅಸಲಿ ಅಂದಿದ್ದು ಒಂದೂ ವಾಪಸ್ ಬಂದಿಲ್ಲ. ಅಂದ್ರೆ ಇಷ್ಟು ವರ್ಷ ಕೆಲಸ ಮಾಡಿದ್ದು ನಿಮ್ಮ ಕಣ್ಣು. ಕೆಲಸ ಎಲ್ಲೂ ಹೋಗಲ್ಲ. ಮೂಗಿಡೋದು ಮಾತ್ರ ಬಿಡ್ಬೇಡಿ, ಜನ ನಂಬೋದು ಅದನ್ನೇ."

"ನಾಟಕ ಆಡು ಅಂತೀರಾ?"

"ಹೊಟ್ಟೆಪಾಡು ಅಂತೀನಿ."

ಪರೀಕ್ಷಕರಿಗೆ ಸಮಾಧಾನವಾಗಬೇಕಿತ್ತು. ಆದರೆ ಆ ಮೂಗು ಎಂದೂ ಬೇಕಿರಲಿಲ್ಲ ಎಂದು ಕೇಳುವುದಕ್ಕಿಂತ ಬೈಸಿಕೊಂಡಿದ್ದರೇ ವಾಸಿಯಿತ್ತು ಅನ್ನಿಸಿರಬೇಕು.

ಮರುದಿನ ಮೊದಲ ಗಿರಾಕಿ ಪರೀಕ್ಷೆಗೆ ತಂದ ಜೋಡಿಯನ್ನು ಅವರು ಕಿಟಕಿಯ ಬೆಳಕಿಗೆ ಹಿಡಿದು ಅರ್ಧ ಗಂಟೆ ನೋಡಿದರು. ಅಷ್ಟು ಶ್ರದ್ಧೆಯಿಂದ ನೋಡಿದ್ದನ್ನು ನಾನೆಂದೂ ಕಂಡಿರಲಿಲ್ಲ.

"ನಂಗೆ ವಾಸನೆ ತಿಳಿಯೋದಿಲ್ಲಪ್ಪ" ಎಂದರು. "ಕಣ್ಣಲ್ಲಿ ನೋಡಿದೀನಿ. ಅಸಲಿ."

ಆತ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಡಬ್ಬ ಮುಚ್ಚಿ ಕಂಕುಳಿಗೆ ಸಿಕ್ಕಿಸಿಕೊಂಡು, ಎದುರಿನ ಅಂಗಡಿಗೆ ಹೋದ. ಮೇಡಂ ತಲೆ ಎತ್ತಲಿಲ್ಲ.

ಎರಡನೆಯ ಗಿರಾಕಿಯ ಶೂ ಒಳಗೆ ಅವರು ಮೂಗಿಟ್ಟು ಕಣ್ಣು ಮುಚ್ಚಿದರು. ಗಿರಾಕಿ ಉಸಿರು ಬಿಗಿಹಿಡಿದು ನಿಂತ. ನಾನು ಬಿಲ್ ಬರೆದೆ.